ಮನೆಯಲ್ಲಿ ಧ್ವನಿಮುದ್ರಣ ಮತ್ತು ಸೌಂಡ್ ಕಾರ್ಡಿನ ಆಯ್ಕೆ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಹಾಡುವವರಿಗೆ ಕೊರತೆಯಿಲ್ಲ. ಡೊಂಬಿವಲಿಯ ಭಜನಾ ಮಂಡಳಿಗಳಲ್ಲಿ ಶನಿವಾರ ರಾತ್ರಿ ತಾಳ ಹಿಡಿಯುವ ಹುಡುಗರು, ಕಲ್ಯಾಣದ ಕಡೆಯ ಮನೆಗಳಲ್ಲಿ ಅಜ್ಜಿಯರ ಬಾಯಿಂದ ಸೋಬಾನೆಯ ಪದಗಳನ್ನು ಕಲಿತ ಹುಡುಗಿಯರು, ಥಾಣೆಯಲ್ಲಿ ಯಕ್ಷಗಾನದ ಭಾಗವತಿಕೆಯನ್ನು ಅಭ್ಯಾಸ ಮಾಡುವ ಒಬ್ಬಿಬ್ಬರು, ನವಿಮುಂಬಯಿಯಿಂದ ಹಾರ್ಮೋನಿಯಮ್ ಹೊತ್ತುಕೊಂಡೇ ರೈಲು ಹತ್ತುವ ಒಬ್ಬ - ಇವರೆಲ್ಲರೂ ಒಂದೆರಡು ವರ್ಷಗಳಿಂದ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ: ಮನೆಯ ಕಂಪ್ಯೂಟರಿನಲ್ಲಿ ಹಾಡನ್ನು ಮುದ್ರಿಸಿಕೊಳ್ಳಬೇಕಾದರೆ ಯಾವ ಸೌಂಡ್ ಕಾರ್ಡನ್ನು ಕೊಳ್ಳಬೇಕು? ಈಚೆಗೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಎರಡು ಪೆಟ್ಟಿಗೆಗಳ ಚಿತ್ರಗಳನ್ನು ತಂದು ತೋರಿಸಿ, ಒಂದರ ಮೇಲೆ ೪೮ ಎಂದೂ ಮತ್ತೊಂದರ ಮೇಲೆ ೧೯೨ ಎಂದೂ ಬರೆದಿರುವುದನ್ನು ಬೊಟ್ಟು ಮಾಡಿ, "೧೯೨ ಎಂದರೆ ೪೮ರ ನಾಲ್ಕು ಪಟ್ಟು, ಹಾಗಾದರೆ ಹಾಡೂ ನಾಲ್ಕು ಪಟ್ಟು ಚೆನ್ನಾಗಿ ಬರುವುದೇ?" ಎಂದು ಕೇಳಿದನು. ಗಣಿತದಲ್ಲಿ ಅವನದು ತಪ್ಪಿಲ್ಲ. ಆದರೆ ಉತ್ತರವು "ಬರುವುದಿಲ್ಲ" ಎಂದೇ ಆಗಿರುವುದರಿಂದ, ಅದರ ಕಾರಣವನ್ನು ಎಲ್ಲರಿಗೂ ಒಮ್ಮೆಲೇ ತಿಳಿಸುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ವಿದ್ಯುಚ್ಛಾಸ್ತ್ರವು ನಮ್ಮ ವಿಷಯವಲ್ಲ. ನಾವು ಕನ್ನಡ ಕಲಿಸುವವರು. ಆದರೂ ಈ ಸಂಗತಿಯಲ್ಲಿ ನಾವು ಒಮ್ಮೆ ಪೆಟ್ಟು ತಿಂದಿದ್ದೇವೆ. ಪೆಟ್ಟು ತಿಂದವನು ಓದುವಷ್ಟು ಶ್ರದ್ಧೆಯಿಂದ ಬೇರೆ ಯಾರೂ ಓದಲಾರರು. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ಸೌಂಡ್ ಕಾರ್ಡೆಂಬುದು ಮಾಡುವ ಕೆಲಸವೇನೆಂಬುದನ್ನು ನೋಡೋಣ.

ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಮೈಕು ಆ ಅಲೆಯ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರಾದರೋ ಅಂಕೆಗಳನ್ನಲ್ಲದೆ ಬೇರೇನನ್ನೂ ಅರಿಯದು. ಆದುದರಿಂದ ನಡುವೆ ನಿಂತು ವಿದ್ಯುತ್ತಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕೆಯಾಗಿ ಬರೆದುಕೊಡುವ, ಮತ್ತೆ ಕೇಳುವಾಗ ಆ ಅಂಕೆಗಳನ್ನು ವಿದ್ಯುತ್ತಾಗಿ ಹಿಂತಿರುಗಿಸುವ ಕರಣಿಕನೊಬ್ಬನು ಬೇಕು. ಅವನೇ ಸೌಂಡ್ ಕಾರ್ಡು.

ಕಲ್ಯಾಣದ ದುರ್ಗಾಡಿ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಬುಡದಲ್ಲಿ ಉಲ್ಹಾಸ ನದಿಯು ಖಾಡಿಯಾಗಿ ಹರಿಯುತ್ತದೆ. ಸಮುದ್ರದ ಉಬ್ಬರವಿಳಿತಗಳು ಅಲ್ಲಿಯವರೆಗೂ ಮುಟ್ಟುತ್ತವೆ. ಆ ನೀರಿನಲ್ಲಿ ಗೆರೆಗಳನ್ನು ಕೊರೆದ ಕೋಲೊಂದನ್ನು ನೆಟ್ಟು, ನೀರು ಯಾವ ಗೆರೆಯವರೆಗೆ ಬಂದಿದೆಯೆಂದು ಒಬ್ಬನು ಆಗಾಗ ನೋಡಿ ಬರೆದಿಡುತ್ತಾನೆಂದು ಭಾವಿಸಿರಿ. ಹೆಚ್ಚುಕಡಿಮೆ ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರ ಬರುತ್ತದೆ. ಅವನು ಅಷ್ಟೇ ಹೊತ್ತಿಗೊಮ್ಮೆ ಮಾತ್ರ ಬಂದು ನೋಡಿದರೆ ಪ್ರತಿ ಸಲವೂ ನೀರು ಒಂದೇ ಗೆರೆಯಲ್ಲಿ ಕಾಣುವುದು. ಖಾಡಿಯ ನೀರು ಅಲುಗಾಡುವುದೇ ಇಲ್ಲವೆಂದು ಅವನು ಬರೆದಿಟ್ಟಾನು! ಒಂದು ಉಬ್ಬರದ ಅವಧಿಯಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ನೋಡಿದರೆ ಮಾತ್ರ ಏರಿಳಿತದ ನಿಜವಾದ ಲೆಕ್ಕವು ಸಿಕ್ಕುತ್ತದೆ. ಹ್ಯಾರಿ ನೈಕ್ವಿಸ್ಟ್ ಎಂಬ ಎಂಜಿನಿಯರು ೧೯೨೮ರಲ್ಲಿ ತಂತಿ ವಾರ್ತೆಯ ಸಂಬಂಧದಲ್ಲಿ ಹೊಳೆಯಿಸಿದ ಈ ನಿಯಮವನ್ನು ಕ್ಲಾಡ್ ಶ್ಯಾನನ್ ೧೯೪೯ರ ಪ್ರಬಂಧವೊಂದರಲ್ಲಿ ಸಿದ್ಧಪಡಿಸಿ ತೋರಿಸಿದನು. ಅಲೆಯ ಅತಿ ವೇಗದ ಕಂಪನಕ್ಕಿಂತ ಎರಡು ಪಟ್ಟಿಗೆ ಮಿಕ್ಕು ಅಳೆದರೆ ಸಾಕು, ಅಲೆಯನ್ನು ಪೂರ್ಣವಾಗಿ ಮರಳಿ ಕಟ್ಟಬಹುದು ಎಂಬುದು ಅದರ ತಾತ್ಪರ್ಯ. ಸಾಕು ಎಂಬ ಮಾತನ್ನು ಗಮನಿಸಿರಿ.

ಮನುಷ್ಯನ ಕಿವಿಗೆ ಕೇಳುವ ಅತಿ ಸೂಕ್ಷ್ಮವಾದ ಧ್ವನಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳದು; ಅದೂ ಎಳೆಯರ ಕಿವಿಗೆ. ವಯಸ್ಸಾದಂತೆ ಈ ಮೇಲಿನ ಎಲ್ಲೆ ಕುಗ್ಗುತ್ತ ಬರುತ್ತದೆ. ಆದುದರಿಂದ ಸೆಕೆಂಡಿಗೆ ೪೦,೦೦೦ಕ್ಕೆ ಸ್ವಲ್ಪ ಮೇಲೆ ಅಳೆದರೆ ಕಿವಿಯ ಪಾಲಿನದೆಲ್ಲವೂ ದಕ್ಕುತ್ತದೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗಳಿಗೆ ೪೪,೧೦೦ ಎಂಬ ಸಂಖ್ಯೆಯನ್ನು ಗೊತ್ತುಪಡಿಸಿದುದು ಇದೇ ಕಾರಣದಿಂದ. ಪೆಟ್ಟಿಗೆಯ ಮೇಲೆ ೪೮ ಎಂದು ಬರೆದಿರುವುದು ೪೮,೦೦೦ವೆಂದೂ, ೧೯೨ ಎಂಬುದು ೧,೯೨,೦೦೦ವೆಂದೂ ತಿಳಿಯತಕ್ಕದ್ದು. ಈ ಎರಡನೆಯದರಲ್ಲಿ ಹೆಚ್ಚಾಗಿ ಸಿಕ್ಕುವ ಧ್ವನಿಗಳು ಬಾವಲಿಗಳಿಗೆ ಕೇಳುವಂಥವು. ಹಾಡುವವರೂ ಕೇಳುವವರೂ ಮನುಷ್ಯರೇ ಆಗಿರುವಾಗ ಅದಕ್ಕಾಗಿ ಹಣ ತೆರುವುದು ವ್ಯರ್ಥ. ಮೇಲಾಗಿ ಡಿಸ್ಕಿನ ಜಾಗವೂ ನಾಲ್ಕು ಪಟ್ಟು ಬೇಕು. ಒಬ್ಬರ ಕಂಠವನ್ನು ೪೮,೦೦೦ದ ವೇಗದಲ್ಲಿ ೨೪ ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ ೧,೪೪,೦೦೦ ಬೈಟುಗಳು, ಗಂಟೆಗೆ ಸುಮಾರು ೫೨ ಕೋಟಿ ಬೈಟುಗಳು. ೧೯೨ರಲ್ಲಿ ಅದೇ ಗಂಟೆಗೆ ೨೦೭ ಕೋಟಿ. ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅಷ್ಟು ಜಾಗ ಉಳಿದಿದೆಯೇ ನೋಡಿಕೊಳ್ಳಿರಿ.

ಬಿಟ್ ಎಂದೆವಲ್ಲ, ಅದು ಕೋಲಿನ ಮೇಲಣ ಗೆರೆಗಳ ವಿಚಾರ. ಎಷ್ಟು ಸಲ ನೋಡುವೆವು ಎಂಬುದು ಒಂದು. ಎಷ್ಟು ಸಣ್ಣ ಗೆರೆಗಳಲ್ಲಿ ಅಳೆಯುವೆವು ಎಂಬುದು ಇನ್ನೊಂದು. ೧೬ ಬಿಟ್‌ಗಳ ಕೋಲಿನಲ್ಲಿ ೬೫,೫೩೬ ಗೆರೆಗಳು. ೨೪ ಬಿಟ್‌ಗಳದರಲ್ಲಿ ೧,೬೭,೭೭,೨೧೬. ಪ್ರತಿ ಬಿಟ್ಟಿಗೂ ಸುಮಾರು ೬ ಡೆಸಿಬೆಲ್‌ಗಳಷ್ಟು ಅಂತರ ದೊರೆಯುವುದರಿಂದ, ೧೬ ಬಿಟ್‌ಗಳಲ್ಲಿ ಅತಿ ಮೆಲ್ಲನೆಯ ಧ್ವನಿಗೂ ಅತಿ ಗಟ್ಟಿಯಾದುದಕ್ಕೂ ನಡುವೆ ೯೬ ಡೆಸಿಬೆಲ್‌ಗಳ ಎಡೆಯುಂಟು. ಮುಗಿದ ಹಾಡನ್ನು ಕೇಳುವುದಕ್ಕೆ ಇಷ್ಟು ಧಾರಾಳವಾಯಿತು. ಆದರೆ ಮುದ್ರಿಸುವಾಗ ೨೪ ಬಿಟ್‌ಗಳಿರುವುದು ಮೇಲು. ಏಕೆಂದರೆ ಹಾಡುವವರು ಎಲ್ಲಿ ದನಿ ಏರಿಸುವರೆಂದು ಮೊದಲೇ ತಿಳಿಯದು. ಮೇಲ್ಗಡೆ ಸಾಕಷ್ಟು ಜಾಗ ಬಿಟ್ಟು ಮಟ್ಟವನ್ನು ತಗ್ಗಿಸಿಟ್ಟುಕೊಂಡರೂ ಕೆಳಗಿನ ಸೂಕ್ಷ್ಮಗಳು ಕೆಡದಿರಬೇಕು. ಆದುದರಿಂದ ಬಿಟ್‌ಗಳ ಸಂಖ್ಯೆಗೆ ಬೆಲೆ ಕೊಡಿರಿ, ಸಾವಿರಗಳ ಸಂಖ್ಯೆಗೆ ಮರುಳಾಗಬೇಡಿರಿ.

ಕೋಲಿನ ತುದಿಯನ್ನೂ ಮೀರಿ ನೀರು ಬಂದರೆ? ಬರೆಯುವವನು ಕೊನೆಯ ಗೆರೆಯನ್ನೇ ಮತ್ತೆ ಮತ್ತೆ ಬರೆಯುವನು. ಅಲೆಯ ನೆತ್ತಿಯು ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗುತ್ತದೆ. ಕಿವಿಗೆ ಅದು ಹರಿದ ತಗಡಿನ ಶಬ್ದವಾಗಿ ಕೇಳುತ್ತದೆ. ಹೀಗೆ ಹೋದ ನೆತ್ತಿಯನ್ನು ಯಾವ ಯಂತ್ರವೂ ಇದ್ದಂತೆಯೇ ತಂದುಕೊಡಲಾರದು. ನಮ್ಮ ಕಥೆ ಇಲ್ಲಿಗೆ ಸಂಬಂಧಿಸಿದ್ದು.

೨೦೧೯ರ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯು ವಿಜಯಪುರ ಜಿಲ್ಲೆಯಿಂದ ಮಗನ ಮನೆಗೆಂದು ಕಲ್ಯಾಣಕ್ಕೆ ಬಂದಿದ್ದರು. ಬೀಸುವ ಪದಗಳನ್ನು ಬಹಳ ಬಲ್ಲವರು. ಅವರ ಸೀಮೆಯು ಹಲಸಂಗಿಯ ಗೆಳೆಯರ ಸೀಮೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಅಲ್ಲಿಯ ಹೆಣ್ಣುಮಕ್ಕಳ ಪದಗಳನ್ನು ಸಂಗ್ರಹಿಸಿದುದರ ಫಲವಾಗಿ ೧೯೩೧ರಲ್ಲಿ 'ಗರತಿಯ ಹಾಡು' ಅಚ್ಚಾಯಿತೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಆ ಪುಸ್ತಕದಿಂದ ನಮಗೆ ನುಡಿಗಳು ದೊರೆತವು. ಹಾಡಿದ ದನಿಯು, ಅದು ಎಲ್ಲಿ ಏರಿ ಎಲ್ಲಿ ತಂಗುತ್ತಿತ್ತೆಂಬುದು, ಪುಟದ ಮೇಲೆ ಬರಲಾರದಷ್ಟೆ. ನಾವಾದರೂ ಧಾಟಿಸಮೇತ ಹಿಡಿದಿಡೋಣವೆಂಬ ಹುಮ್ಮಸ್ಸಿನಿಂದ ಶಾಲೆಯ ಲ್ಯಾಪ್‌ಟಾಪನ್ನೂ, ಹೆಬ್ಬೆರಳಿನಷ್ಟು ಗಾತ್ರದ ಅಗ್ಗದ ಯು.ಎಸ್.ಬಿ. ಸೌಂಡ್ ಕಾರ್ಡೊಂದನ್ನೂ, ಕೊರಳಪಟ್ಟಿಗೆ ಸಿಕ್ಕಿಸುವ ಮೈಕನ್ನೂ ತೆಗೆದುಕೊಂಡು ಹೋದೆವು. ಆ ಕಾರ್ಡಿನಲ್ಲಿ ಧ್ವನಿಯ ಮಟ್ಟವನ್ನು ತಿರುಗಿಸುವ ಗುಂಡಿ ಇರಲಿಲ್ಲ. ಎಷ್ಟು ಮಟ್ಟದಲ್ಲಿ ಬರುತ್ತಿದೆಯೆಂದು ತೋರಿಸುವ ದೀಪವೂ ಇರಲಿಲ್ಲ. ಅಜ್ಜಿ ಮೊದಲು ಸಂಕೋಚದಿಂದ ಗುನುಗಿದಾಗ ಏನೂ ಕೇಳದಿದ್ದುದರಿಂದ ಕಂಪ್ಯೂಟರಿನಲ್ಲಿಯೇ ಮಟ್ಟವನ್ನು ತುದಿಗೇರಿಸಿದೆವು. ಸಂಕೋಚವು ಬಿಟ್ಟ ಮೇಲೆ ಅವರು ಸ್ಟೀಲಿನ ತಟ್ಟೆಯನ್ನು ಬೀಸುವ ಕಲ್ಲಿನಂತೆ ತಿರುಗಿಸುತ್ತ ತುಂಬುಗಂಠದಿಂದ ನಲ್ವತ್ತು ನಿಮಿಷ ಹಾಡಿದರು. ನಾವು ಹೆಡ್‌ಫೋನನ್ನು ಹಾಕಿಕೊಳ್ಳದೆ ಎದುರಿಗೆ ಕುಳಿತು ತಲೆದೂಗಿದೆವು.

ಮನೆಗೆ ಬಂದು ಕೇಳಿದರೆ ಹನ್ನೊಂದು ಹಾಡುಗಳಲ್ಲಿ ಒಂದಾದರೂ ಕೇಳುವಂತಿರಲಿಲ್ಲ. ದನಿ ಏರಿದಲ್ಲೆಲ್ಲ ತಗಡು ಹರಿದಿದೆ. ಇಳಿದಲ್ಲೆಲ್ಲ ಸುಂಯ್ ಎಂಬ ನೊರೆ. ನುಡಿಗಳನ್ನು ಕಷ್ಟಪಟ್ಟು ಬರೆದುಕೊಳ್ಳಬಹುದಿತ್ತು, ಬರೆದುಕೊಂಡೆವು. ಅಂದರೆ ಎಂಬತ್ತೆಂಟು ವರ್ಷಗಳ ಬಳಿಕ, ಕಂಪ್ಯೂಟರು ಕೈಯಲ್ಲಿದ್ದೂ, ಕಾಗದದ ಮೇಲೆ ನುಡಿಗಳನ್ನಷ್ಟೇ ಉಳಿಸಿಕೊಂಡವರಾದೆವು. ಇನ್ನೊಮ್ಮೆ ಹೋಗುವುದೆಂದು ಗೊತ್ತುಮಾಡಿಕೊಂಡು ಒಳ್ಳೆಯ ಉಪಕರಣಕ್ಕೆ ಹಣ ಕೂಡಿಸುತ್ತಿರುವಾಗ ೨೦೨೦ರ ಮಾರ್ಚಿನ ಲಾಕ್‌ಡೌನ್ ಬಂದಿತು. ಆ ಕುಟುಂಬವು ಊರು ಸೇರಿತು. ಮರು ವರ್ಷ ಅಜ್ಜಿ ತೀರಿಕೊಂಡರು. ತಪ್ಪು ಯಂತ್ರದ್ದೆಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಯಾವ ಕೆಲಸಕ್ಕೆ ಯಾವ ಸಾಧನವೆಂಬುದನ್ನು ನಾವು ಕೇಳಿಕೊಂಡಿರಲಿಲ್ಲ. ಆ ಹುಡುಗಿಯು ಈಗ ಕಾಲೇಜಿನಲ್ಲಿದ್ದಾಳೆ. ಆ ಹರಿದ ಧ್ವನಿಯ ಪ್ರತಿಯೊಂದನ್ನು ಕೇಳಿ ಪಡೆದುಕೊಂಡು ಹೋದಳು.

ಧ್ವನಿಮುದ್ರಿಕೆಯಿಂದ ಏನು ಉಳಿಯಬಲ್ಲದೆಂಬುದಕ್ಕೆ ನಮ್ಮವರದೇ ಒಂದು ಉದಾಹರಣೆಯನ್ನು ಕೊಡಬಹುದು. ಗಂಗೂಬಾಯಿ ಹಾನಗಲ್ ಅವರು ೧೯೩೦ರ ದಶಕದಲ್ಲಿ ಮುಂಬಯಿಗೆ ಬಂದು 'ಗಾಂಧಾರಿ ಹುಬ್ಳೀಕರ್' ಎಂಬ ಹೆಸರಿನಿಂದ ಎಚ್.ಎಂ.ವಿ. ಕಂಪನಿಗೆ ಹಾಡಿದರು. ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ತಟ್ಟೆಗಳು ಅವು. ಅವುಗಳಲ್ಲಿರುವುದು ಎಳೆಯ, ತೆಳುವಾದ, ಮೇಲಿನ ಶ್ರುತಿಯ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿಯು ಗಂಡುದನಿಯೆಂಬಷ್ಟು ಗಂಭೀರವಾಯಿತು. ಲೋಕವು ಅವರನ್ನು ಬಲ್ಲುದು ಆ ದನಿಯಿಂದಲೇ. ಆ ತಟ್ಟೆಗಳಿಲ್ಲದಿದ್ದರೆ ಮೊದಲಿನ ಕಂಠವೊಂದಿತ್ತೆಂಬುದನ್ನು ಮಾತಿನಿಂದ ನಂಬಬೇಕಾಗುತ್ತಿತ್ತು.

ಇನ್ನು ಕೊಳ್ಳುವ ವಿಚಾರ. ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ಆದಿಯಲ್ಲಿ ಸೌಂಡ್ ಕಾರ್ಡೆಂದರೆ ನಿಜವಾಗಿಯೂ ಕಾರ್ಡು. ಕಂಪ್ಯೂಟರಿನ ಹೊಟ್ಟೆಯನ್ನು ಬಿಚ್ಚಿ ಒಳಗಿನ ಸೀಳಿನಲ್ಲಿ ಚುಚ್ಚತಕ್ಕ ಹಲಗೆ. ಸಿಂಗಪುರದ ಕ್ರಿಯೇಟಿವ್ ಕಂಪನಿಯು ೧೯೮೯ರಲ್ಲಿ ತಂದ 'ಸೌಂಡ್ ಬ್ಲಾಸ್ಟರ್' ಈ ವರ್ಗದಲ್ಲಿ ಬಹು ಪ್ರಸಿದ್ಧವಾಯಿತು. ಅದಕ್ಕಿದ್ದುದು ೮ ಬಿಟ್‌ಗಳು, ಅಂದರೆ ೨೫೬ ಗೆರೆಗಳು ಮಾತ್ರ! ೧೯೯೭ರಲ್ಲಿ ಇಂಟೆಲ್ ಕಂಪನಿಯು ಗೊತ್ತುಮಾಡಿದ ಪದ್ಧತಿಯ ಅನಂತರ ಶಬ್ದದ ಚಿಪ್ಪು ಕಂಪ್ಯೂಟರಿನ ಮುಖ್ಯ ಹಲಗೆಯಲ್ಲಿಯೇ ಬರತೊಡಗಿತು. ಹಾಡು ಕೇಳುವುದಕ್ಕೆ ಅದು ಸಾಕು. ಮುದ್ರಿಸುವುದಕ್ಕೆ ಸಾಲದು, ಅದರಲ್ಲಿ ಒಳ್ಳೆಯ ಮೈಕಿಗೆ ತಕ್ಕ ರಂಧ್ರವೇ ಇರುವುದಿಲ್ಲ. ಮೇಲಾಗಿ ಕಂಪ್ಯೂಟರಿನ ಒಡಲೊಳಗೆ ಹತ್ತು ಬಗೆಯ ವಿದ್ಯುತ್ತಿನ ಗದ್ದಲವಿರುತ್ತದೆ. ಆದುದರಿಂದ ಈಗ ಹೊರಗಿರಿಸಿ ಯು.ಎಸ್.ಬಿ. ತಂತಿಯಿಂದ ಜೋಡಿಸುವ ಪೆಟ್ಟಿಗೆಯೇ ರೂಢಿಗೆ ಬಂದಿದೆ. ಅಂಗಡಿಯಲ್ಲಿ ಇದನ್ನು ಆಡಿಯೋ ಇಂಟರ್‌ಫೇಸ್ ಎಂದು ಕೇಳಬೇಕು.

ನಾವು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿದ್ದಾಗ (ದಾದರದಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಬೇಕು, ಆದಿತ್ಯವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ) ಹಳೆಯ ಸಾಮಾನುಗಳ ನಡುವೆ ಎಂ-ಆಡಿಯೋ ಕಂಪನಿಯ 'ಆಡಿಯೋಫೈಲ್ ೨೪೯೬' ಎಂಬ ಒಳಗಿನ ಕಾರ್ಡನ್ನು ಕಂಡೆವು. ತನ್ನ ಕಾಲದಲ್ಲಿ ಮನೆಯ ಸಂಗೀತಗಾರರು ಬಹಳ ಮೆಚ್ಚಿಕೊಂಡಿದ್ದ ಕಾರ್ಡು ಅದು. ಬೆಲೆ ಅಗ್ಗವಾಗಿದ್ದಿತಾದರೂ ಮುಟ್ಟದೆ ಬಂದೆವು. ಅದಕ್ಕೆ ಬೇಕಾದ ಪಿ.ಸಿ.ಐ. ಸೀಳು ಇಂದಿನ ಕಂಪ್ಯೂಟರುಗಳಲ್ಲಿ ಇಲ್ಲ. ಮೈಕಿನ ಕ್ಷೀಣ ವಿದ್ಯುತ್ತನ್ನು ಬಲಪಡಿಸುವ ಭಾಗವೂ ಅದರಲ್ಲಿ ಇಲ್ಲ. ಹಳೆಯದು ಕೆಟ್ಟದ್ದಲ್ಲ; ಹೊಂದಲಾರದು, ಅಷ್ಟೆ.

ಬಲಪಡಿಸುವ ಭಾಗವೆಂದೆವಲ್ಲ, ನಮ್ಮ ಅಭಿಪ್ರಾಯದಲ್ಲಿ ಇಡೀ ಪೆಟ್ಟಿಗೆಯ ಜೀವವು ಅದರಲ್ಲಿದೆ. ಅಂಗಡಿಯವರು ಅದನ್ನು ಪ್ರಿ-ಆಂಪ್ ಎನ್ನುತ್ತಾರೆ. ೧೯೬೬ರಿಂದ ಜಗತ್ತಿನ ಎಲ್ಲ ವೇದಿಕೆಗಳ ಮೇಲೆಯೂ ಕಾಣುತ್ತಿರುವ ಶ್ಯೂರ್ ಎಸ್.ಎಂ.೫೮ರಂಥ ಮೈಕಿನ ಮುಂದೆ ಗಟ್ಟಿಯಾಗಿ ಹಾಡಿದರೂ ಅದರಿಂದ ಹೊರಡುವುದು ಒಂದು ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು. ಇದನ್ನು ಕೋಲಿನ ಗೆರೆಗಳವರೆಗೆ ಎತ್ತಬೇಕಾದರೆ ಸಾವಿರ ಪಟ್ಟಿನ ಆಸುಪಾಸಿನಲ್ಲಿ, ಎಂದರೆ ಅಂಗಡಿಯ ಭಾಷೆಯಲ್ಲಿ ೬೦ ಡೆಸಿಬೆಲ್‌ಗಳಷ್ಟು, ಹಿಗ್ಗಿಸಬೇಕಾದೀತು. ಹೀಗೆ ಹಿಗ್ಗಿಸುವಾಗ ತನ್ನದೇ ಸದ್ದನ್ನು ಸೇರಿಸದಿರುವ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆ. ಇದು ಹೊರಗೆ ಬರೆದ ಅಂಕಿಗಳಿಂದ ತಿಳಿಯುವುದಿಲ್ಲ, ಕಿವಿಯಿಂದ ತಿಳಿಯಬೇಕು. ಅಂಗಡಿಯಲ್ಲಿಯೇ ಮೈಕನ್ನು ಜೋಡಿಸಿ, ಗುಂಡಿಯನ್ನು ಮುಕ್ಕಾಲು ಭಾಗ ತಿರುಗಿಸಿ, ಯಾರೂ ಮಾತಾಡದೆ ಹೆಡ್‌ಫೋನಿನಲ್ಲಿ ಕೇಳಿರಿ. ಅಂಗಡಿಯ ಪಂಖದ ಸದ್ದು ಕೇಳಿದರೆ ಚಿಂತೆಯಿಲ್ಲ. ಪಂಖವನ್ನೂ ಮುಚ್ಚುವಂತೆ ಸುಂಯ್ ಎಂಬ ನೊರೆ ಎದ್ದರೆ ಆ ಪೆಟ್ಟಿಗೆ ಬೇಡ.

ಮೈಕುಗಳಲ್ಲಿ ಎರಡು ಜಾತಿ ಮುಖ್ಯ. ಮೇಲೆ ಹೇಳಿದುದು ಡೈನಮಿಕ್ ಜಾತಿಯದು. ಗಟ್ಟಿಮುಟ್ಟು, ತನ್ನ ಹತ್ತಿರದ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವಂಥದು. ಕಂಡೆನ್ಸರ್ ಎಂಬುದು ಸೂಕ್ಷ್ಮಗ್ರಾಹಿ. ತಂಬೂರಿಯ ಝೇಂಕಾರವನ್ನೂ ಹಿಡಿಯುವುದು, ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಹಿಡಿಯುವುದು. ಈ ಎರಡನೆಯದಕ್ಕೆ ತಂತಿಯ ಮೂಲಕವೇ ೪೮ ವೋಲ್ಟುಗಳ ವಿದ್ಯುತ್ತನ್ನು ಉಣಿಸಬೇಕು. ಪೆಟ್ಟಿಗೆಯ ಮೇಲೆ ೪೮ ವೋಲ್ಟ್ ಎಂಬ ಗುಂಡಿ ಇದೆಯೇ ಎಂದು ನೋಡುವುದು ಇದಕ್ಕಾಗಿ. ಜರ್ಮನಿಯ ನಾಯ್ಮನ್ ಕಂಪನಿಯು ೧೯೬೬ರಲ್ಲಿ ನಾರ್ವೆಯ ರೇಡಿಯೋದವರಿಗಾಗಿ ಈ ಏರ್ಪಾಟನ್ನು ಮಾಡಿಕೊಟ್ಟಿತು. ಅದೇ ಸಂಖ್ಯೆಯು ಇಂದಿಗೂ ನಿಂತಿದೆ. ಮೂರು ಕಡ್ಡಿಗಳ ದಪ್ಪ ತಂತಿಯನ್ನೇ ಬಳಸಿರಿ. ಅದರ ಎರಡು ಎಳೆಗಳಲ್ಲಿ ಒಂದೇ ಧ್ವನಿಯು ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ದಾರಿಯಲ್ಲಿ ಹೊರಗಿನ ಸದ್ದು ಎರಡಕ್ಕೂ ಸಮನಾಗಿ ತಗಲುತ್ತದೆ. ಪೆಟ್ಟಿಗೆಯು ಒಂದರಿಂದ ಇನ್ನೊಂದನ್ನು ಕಳೆದಾಗ ಹೊರಗಿನದು ಸೊನ್ನೆಯಾಗಿ ಹಾಡು ಇಮ್ಮಡಿಯಾಗಿ ಉಳಿಯುತ್ತದೆ. ಬೀಜಗಣಿತವು ಎಲ್ಲಿ ಉಪಯೋಗವೆಂದು ಕೇಳುವವರಿಗೆ ಇದೊಂದು ಉತ್ತರ.

ರಂಧ್ರಗಳೆಷ್ಟು ಬೇಕು? ಒಬ್ಬರೇ ಹಾಡಿ, ಮತ್ತೆ ಅದರ ಮೇಲೆ ತಾಳವನ್ನೋ ಹಾರ್ಮೋನಿಯಮನ್ನೋ ಬೇರೆಯಾಗಿ ಮುದ್ರಿಸುವವರಿಗೆ ಒಂದು ಮೈಕಿನ ರಂಧ್ರ ಸಾಕು. ನಮ್ಮವರ ಹಾಡಿಕೆಯು ಮಾತ್ರ ಹೀಗೆ ಬಿಡಿಬಿಡಿಯಾಗಿ ನಡೆಯುವುದಲ್ಲ. ಭಾಗವತನಿಲ್ಲದೆ ಮದ್ದಳೆಯಿಲ್ಲ, ಹಾಡುವವರ ಉಸಿರನ್ನು ನೋಡಿಯೇ ತಬಲೆಯವನು ಸಮಕ್ಕೆ ಬರುವುದು. ಹೀಗಾಗಿ ಎರಡು ಮೈಕುಗಳನ್ನು ಒಟ್ಟಿಗೆ ತೆಗೆದುಕೊಳ್ಳುವ ಪೆಟ್ಟಿಗೆಯನ್ನೇ ನಾವು ಹೇಳುತ್ತೇವೆ. ನಾಲ್ಕು, ಎಂಟರದು ಬೇಡ. ಕೊಳ್ಳುವಾಗ ಎರಡು ರಂಧ್ರಗಳೂ ಮೈಕಿನವೇ ಎಂಬುದನ್ನು ನೋಡಿಕೊಳ್ಳಿ, ಬೆಹ್ರಿಂಗರ್ ಯು.ಎಂ.೨, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಮೊದಲಾದವುಗಳಲ್ಲಿ ಒಂದು ಮೈಕಿಗೆ, ಇನ್ನೊಂದು ಗಿಟಾರಿನಂಥ ವಾದ್ಯಕ್ಕೆ.

ಇನ್ನೊಂದು ತೊಡಕುಂಟು, ಇದರ ಅನುಭವವಾಗದೆ ಯಾರಿಗೂ ತಿಳಿಯುವುದಿಲ್ಲ. ಹಾಡಿದ ಧ್ವನಿಯು ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಮರಳಿ ಬರುವಷ್ಟರಲ್ಲಿ ಸ್ವಲ್ಪ ವಿಳಂಬವಾಗುತ್ತದೆ. ಕಂಪ್ಯೂಟರು ಅಳತೆಗಳನ್ನು ಒಂದೊಂದಾಗಿ ಅಲ್ಲದೆ ಬುಟ್ಟಿ ತುಂಬಿದ ಮೇಲೆ ಒಯ್ಯುತ್ತದೆ. ೧,೦೨೪ ಅಳತೆಗಳ ಬುಟ್ಟಿಯು ತುಂಬಲು ೪೪,೧೦೦ರ ವೇಗದಲ್ಲಿ ಸುಮಾರು ೨೩ ಮಿಲಿಸೆಕೆಂಡು. ಹೋಗುವಾಗ ಒಂದು ಬುಟ್ಟಿ, ಬರುವಾಗ ಇನ್ನೊಂದು ಎಂದರೆ ೪೬. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವುದರಿಂದ, ಹದಿನಾರು ಮೀಟರು ದೂರದಲ್ಲಿ ನಿಂತು ನಿಮ್ಮ ಹಾಡನ್ನೇ ನೀವು ಕೇಳಿದ ಹಾಗೆ ಇದು! ತಾಳ ತಪ್ಪದೆ ಹೇಗಿದ್ದೀತು? ಬುಟ್ಟಿಯನ್ನು ೨೫೬ಕ್ಕೋ ೧೨೮ಕ್ಕೋ ಚಿಕ್ಕದು ಮಾಡಬಹುದು. ಆದರೆ ಹಳೆಯ ಕಂಪ್ಯೂಟರು ಓಡಿ ಓಡಿ ಸುಸ್ತಾಗಿ ನಡುನಡುವೆ ಚಟ್ ಚಟ್ ಎನ್ನತೊಡಗುತ್ತದೆ. ಇದಕ್ಕೆ ಸುಲಭೋಪಾಯವೆಂದರೆ ಕಂಪ್ಯೂಟರಿಗೆ ಹೋಗುವ ಮೊದಲೇ ಪೆಟ್ಟಿಗೆಯಿಂದ ನೇರವಾಗಿ ನಿಮ್ಮ ದನಿಯನ್ನು ಕಿವಿಗೆ ಕೊಡುವ ಏರ್ಪಾಟು. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಅದು. ಹೊಸ ಕಂಪ್ಯೂಟರಿಗೆ ಹಣವಿಲ್ಲದ ನಮ್ಮಂಥವರಿಗೆ ಆ ಗುಂಡಿಯೊಂದೇ ಹಲವು ಸಾವಿರ ರೂಪಾಯಿಗಳ ಉಳಿತಾಯ.

ಕಂಪ್ಯೂಟರಿಗೂ ಪೆಟ್ಟಿಗೆಗೂ ಮಾತುಕತೆ ನಡೆಸಿಕೊಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ವಿಂಡೋಸ್‌ನಲ್ಲಿ ವಿಳಂಬವನ್ನು ಕಡಿಮೆ ಮಾಡಲು ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿಯು ೧೯೯೭ರಲ್ಲಿ ಆಸಿಯೋ ಎಂಬ ಪದ್ಧತಿಯನ್ನು ಹೊರತಂದಿತು. ಪೆಟ್ಟಿಗೆಯ ತಯಾರಕರು ತಮ್ಮದೇ ಆಸಿಯೋ ಡ್ರೈವರನ್ನು ಕೊಡುತ್ತಾರೆಯೇ, ಅದು ನಿಮ್ಮ ಮನೆಯ ವಿಂಡೋಸ್ ಆವೃತ್ತಿಗೆ ಒಗ್ಗುವುದೇ ಎಂದು ಮೊದಲೇ ವಿಚಾರಿಸಿರಿ. ಮನೆಯಲ್ಲಿ ಕಂಪ್ಯೂಟರಿಲ್ಲದವರು ನಿರಾಶರಾಗಬೇಕಾದುದಿಲ್ಲ. ಕ್ಲಾಸ್ ಕಂಪ್ಲಾಯಂಟ್ ಎಂಬ ಜಾತಿಯ ಪೆಟ್ಟಿಗೆಗಳಿಗೆ ಬೇರೆ ಡ್ರೈವರೇ ಬೇಡ. ಇವು ಸರಿಯಾದ ತಂತಿಯಿದ್ದರೆ ಅನೇಕ ಮೊಬೈಲುಗಳಿಗೂ ಜೋಡುತ್ತವೆ. ಆಗ ಪೆಟ್ಟಿಗೆಗೆ ಬೇಕಾದ ವಿದ್ಯುತ್ತು ಮೊಬೈಲಿನಿಂದ ಸಾಲದೆ ಬಂದೀತು. ಅದಕ್ಕೆ ಬೇರೆ ಏರ್ಪಾಟು ಬೇಕಾಗಬಹುದು. ಮುದ್ರಿಸುವ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ೨೦೦೦ದಲ್ಲಿ ಬಿಡುಗಡೆಯಾದ ಅಡಾಸಿಟಿ ಎಂಬುದು ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ.

ಮಟ್ಟವನ್ನು ಹೊಂದಿಸುವ ಗೋಜೇ ಇಲ್ಲದೆ, ಪಿಸುಮಾತನ್ನೂ ಕೂಗನ್ನೂ ಒಂದೇ ಸಲಕ್ಕೆ ಹಿಡಿಯುವ ೩೨ ಬಿಟ್ ಫ್ಲೋಟ್ ಎಂಬ ಪದ್ಧತಿಯ ಯಂತ್ರಗಳೂ ಈಚೆಗೆ ಬಂದಿವೆ. ಅಂದು ಕಲ್ಯಾಣದಲ್ಲಿ ನಮ್ಮ ಕೈಯಲ್ಲಿ ಅಂಥದೊಂದು ಇದ್ದಿದ್ದರೆ ಎಂದು ಅನಿಸದಿರುವುದಿಲ್ಲ. ಆದರೆ ಮಟ್ಟವನ್ನು ನೋಡಿ ಹೊಂದಿಸುವುದು ಕಲಿಯಲಾಗದ ವಿದ್ಯೆಯೇನಲ್ಲ. ಹಾಡುವವರಿಂದ ಹಾಡಿನ ಅತಿ ಏರಿದ ಭಾಗವನ್ನೇ ಮೊದಲು ಹಾಡಿಸಿರಿ. ಆಗ ಅಡಾಸಿಟಿಯ ಅಳತೆಪಟ್ಟಿಯ ಮುಳ್ಳು ಸೊನ್ನೆಗಿಂತ ೧೨ ಡೆಸಿಬೆಲ್ ಕೆಳಗೇ ನಿಲ್ಲುವಂತೆ ಗುಂಡಿಯನ್ನು ಇಳಿಸಿರಿ. ಬಳಿಕ ಗುಂಡಿಯನ್ನು ಮುಟ್ಟಬೇಡಿರಿ.

ಪೆಟ್ಟಿಗೆಯು ಎಷ್ಟೇ ಒಳ್ಳೆಯದಾಗಿರಲಿ, ನಮ್ಮ ಊರುಗಳ ಎರಡು ಸದ್ದುಗಳನ್ನು ಅದು ನಿವಾರಿಸಲಾರದು. ಮೊದಲನೆಯದು ವಿದ್ಯುತ್ತಿನ ಗುಂಯ್‌ಕಾರ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಹಿಂದುಮುಂದಾಗುವಂಥದು. ಮೂರನೆಯ ಕಡ್ಡಿಗೆ ನೆಲದ ಸಂಪರ್ಕವಿಲ್ಲದ ಹಳೆಯ ಚಾಳುಗಳಲ್ಲಿ ಈ ೫೦ರ ಸದ್ದು ಬೇಡದ ತಂಬೂರಿಯಂತೆ ಹಾಡಿನ ಹಿಂದೆ ಮೀಟುತ್ತಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಎರಡನೆಯದು ರೈಲು. ೧೮೫೩ರಲ್ಲಿ ಥಾಣೆಯವರೆಗೂ ಮರು ವರ್ಷ ಕಲ್ಯಾಣದವರೆಗೂ ಹಳಿ ಬಂದುದರಿಂದಲೇ ನಾವೆಲ್ಲ ಇಲ್ಲಿ ಬಂದು ನೆಲೆಸುವಂತಾಯಿತು. ಆ ಉಪಕಾರವನ್ನು ಮರೆಯದೆ, ಹಾಡನ್ನು ಗಾಡಿಗಳ ನಡುವೆ ಮುದ್ರಿಸುವುದನ್ನು ಕಲಿಯಬೇಕು. ಕಿಟಕಿಗೆ ಕೌದಿಯನ್ನು ಕಟ್ಟಿದರೆ ರೈಲಿನ ಸದ್ದು ನಿಲ್ಲುವುದೆಂದು ಕೆಲವರು ತಿಳಿದಿದ್ದಾರೆ. ನಿಲ್ಲುವುದಿಲ್ಲ, ಆದರೆ ಬೋಳು ಗೋಡೆಗಳಿಂದ ಹಾಡು ಪ್ರತಿಧ್ವನಿಸುವುದನ್ನು ಕೌದಿಯು ಹೀರಿಕೊಳ್ಳುತ್ತದೆ. ಅದಕ್ಕಾಗಿಯಾದರೂ ಕಟ್ಟಿರಿ. ಅಜ್ಜಿ ಹೊಲಿದ ಕೌದಿಯಾದರೆ ದಪ್ಪವಿರುತ್ತದೆ, ಮತ್ತೂ ಒಳ್ಳೆಯದು. ಹಾಡುವವರು ಮೈಕಿಗೆ ಒಂದು ಗೇಣು ಸನಿಹದಲ್ಲಿರಲಿ. ಹಾಡು ಹತ್ತಿರವಾದಷ್ಟೂ ಗುಂಡಿಯನ್ನು ಇಳಿಸಬಹುದು, ಗುಂಡಿಯಿಳಿದಂತೆಲ್ಲ ರೈಲೂ ಹಿಂದೆ ಸರಿಯುತ್ತದೆ.

ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಮ್ಮ ಶಾಲೆಗಾಗಿ ನಾವು ಆರಿಸಿದುದು ಬೆಹ್ರಿಂಗರ್ ಯು.ಎಂ.ಸಿ.೨೦೨ ಎಚ್.ಡಿ. ಎಂಬ ಪೆಟ್ಟಿಗೆ. ಎರಡು ಮೈಕಿನ ರಂಧ್ರಗಳು, ೨೪ ಬಿಟ್, ೪೮ ವೋಲ್ಟಿನ ಗುಂಡಿ, ನೇರ ಶ್ರವಣದ ಗುಂಡಿ, ಮಟ್ಟ ಮೀರಿದರೆ ಕೆಂಪಾಗುವ ದೀಪ - ಎಲ್ಲವೂ ಉಂಟು. ಅದರ ಮೇಲೂ ೧೯೨ ಎಂದು ಬರೆದಿದೆ. ನಾವು ೪೮ರಲ್ಲಿಯೇ ಇಟ್ಟಿದ್ದೇವೆ.

೨೦೧೧ರಿಂದ ಹಲವು ತಲೆಮಾರುಗಳಾಗಿ ಬರುತ್ತಿರುವ ಫೋಕಸ್‌ರೈಟ್ ಸ್ಕಾರ್ಲೆಟ್ ೨ಐ೨ ಇದಕ್ಕಿಂತ ಬೆಲೆಯುಳ್ಳದ್ದು. ಇಬ್ಬರು ಗೆಳೆಯರು ಕೂಡಿ ಕೊಳ್ಳುವುದಾದರೆ ಅದನ್ನು ನೋಡಬಹುದು. ತೀರ ಕಡಿಮೆ ಹಣವಿದ್ದವರು ೧೬ ಬಿಟ್‌ಗಳ ಯು.ಎಂ.೨ರಿಂದಲೂ ಒಬ್ಬರ ಹಾಡನ್ನು ಮಟ್ಟ ನೋಡಿ ಮುದ್ರಿಸಿದರೆ ಚೆನ್ನಾಗಿಯೇ ಬರುತ್ತದೆ. ಒಟ್ಟು ಹಣದಲ್ಲಿ ಅರ್ಧವನ್ನಾದರೂ ಮೈಕು, ತಂತಿ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನುಗಳಿಗೆ ಇಟ್ಟುಕೊಳ್ಳಿರಿ. ಎಲ್ಲವನ್ನೂ ಪೆಟ್ಟಿಗೆಗೆ ಸುರಿದು ಮೈಕಿಗೆ ಹಣವಿಲ್ಲದೆ ಕುಳಿತವರನ್ನು ನಾವು ಕಂಡಿದ್ದೇವೆ.

ಶಾಲೆಯ ಪೆಟ್ಟಿಗೆಯು ಗ್ರಂಥಾಲಯದ ಕಪಾಟಿನಲ್ಲಿದೆ. ಮನೆಯಲ್ಲಿ ಹಾಡುವ ಹಿರಿಯರಿರುವ ವಿದ್ಯಾರ್ಥಿಗಳು ಶನಿವಾರ ಶಾಲೆ ಬಿಟ್ಟ ಮೇಲೆ ಹೆಸರು ಬರೆಸಿ ಒಯ್ಯಬಹುದು; ಸೋಮವಾರದ ಪ್ರಾರ್ಥನೆಗೆ ಮುಂಚೆ ತರತಕ್ಕದ್ದು. ಊರಿನಿಂದ ಯಾರಾದರೂ ಬಂದು ಬೇಗನೆ ಹಿಂದಿರುಗುವವರಿದ್ದರೆ ವಾರದ ಯಾವ ದಿನವಾದರೂ ಕೇಳಬಹುದು, ಕೊಡುತ್ತೇವೆ. ತಂತಿಯನ್ನು ಮೊಣಕೈಗೆ ಬಿಗಿಯಾಗಿ ಸುತ್ತಕೂಡದು. ಒಳಗಿನ ಎಳೆಗಳು ಮುರಿಯುತ್ತವೆ.